ಪಾಳುಬಿದ್ದ ಸ್ಥಳಗಳಿಗೆ ಗುಂಪಾಗಿ ಭೇಟಿ: ಅಪಾಯಗಳು, ಅನುಮತಿ ಮತ್ತು ಪಾಲಿಸಬೇಕಾದ ಕ್ರಮಗಳು

(ಸಾರ್ವಜನಿಕರ ಹಾಗೂ ಅರ್ಜಿದಾರರ ಮಾಹಿತಿಗಾಗಿ)

1. ಪೀಠಿಕೆ

ರಾಜ್ಯದ ಬಹುತೇಕ ಎಲ್ಲಾ ಜಿಲ್ಲೆಗಳಲ್ಲಿ ಬಳಕೆ ತಪ್ಪಿದ ಕೋಟೆಗಳು, ಬಂಗಲೆಗಳು, ಗಣಿಗಳು, ಕಲ್ಲುಕ್ವಾರಿಗಳು ಹಾಗೂ ಮುಳುಗಡೆಯಾದ ಗ್ರಾಮಗಳ ಅವಶೇಷಗಳು ಇವೆ. ವಿದ್ಯಾರ್ಥಿಗಳು, ಚಾರಣ ತಂಡಗಳು, ಛಾಯಾಗ್ರಾಹಕರು ಮತ್ತು ಇತಿಹಾಸಾಸಕ್ತರು ಇಂತಹ ಸ್ಥಳಗಳಿಗೆ ಗುಂಪಾಗಿ ಭೇಟಿ ನೀಡುವುದು ಸಾಮಾನ್ಯವಾಗಿದೆ. ಹೀಗೆ ತೆರಳುವವರಲ್ಲಿ "ಹತ್ತು ಜನ ಜೊತೆಗಿದ್ದರೆ ಭಯವಿಲ್ಲ" ಎಂಬ ನಂಬಿಕೆ ಇರುತ್ತದೆ. ಕಾಡುದಾರಿಯಲ್ಲಿ ನಡೆಯುವಾಗ ಈ ನಂಬಿಕೆಗೆ ಅರ್ಥವಿದೆ. ಆದರೆ ಗಾಳಿಯಾಡದ ಸುರಂಗ, ಶಿಥಿಲಗೊಂಡ ಮಾಳಿಗೆ ಮತ್ತು ಆಳವಾದ ಕ್ವಾರಿ ಹೊಂಡಗಳಲ್ಲಿ ಜನರ ಸಂಖ್ಯೆಯು ರಕ್ಷಣೆ ನೀಡುವುದಿಲ್ಲ. ಅನೇಕ ವೇಳೆ ಒಬ್ಬರಿಗೆ ಒದಗಿದ ಆಪತ್ತು ಹಲವರ ಸಾವಿಗೆ ಕಾರಣವಾಗುವುದು ಗುಂಪು ಇರುವುದರಿಂದಲೇ. ಈ ವಿಷಯವನ್ನು ನಾಗರಿಕರಿಗೆ ತಿಳಿಯಪಡಿಸುವುದು ಹಾಗೂ ಅನುಮತಿಗಾಗಿ ಅರ್ಜಿ ಸಲ್ಲಿಸುವವರಿಗೆ ಮಾರ್ಗದರ್ಶನ ನೀಡುವುದು ಈ ಪುಟದ ಉದ್ದೇಶವಾಗಿದೆ.

2. ಪಾಳುಬಿದ್ದ ಸ್ಥಳಕ್ಕೂ ಮಾಲೀಕರು ಇರುತ್ತಾರೆ

ಜನವಸತಿ ಇಲ್ಲದ ಮಾತ್ರಕ್ಕೆ ಯಾವುದೇ ಸ್ಥಳವು ವಾರಸುದಾರರಿಲ್ಲದ ಸ್ಥಳವಾಗುವುದಿಲ್ಲ. ಜನರು ತೊರೆದ ಗ್ರಾಮಗಳು ಕಂದಾಯ ದಾಖಲೆಗಳಲ್ಲಿ "ಬೇಚರಾಕ್ ಗ್ರಾಮ" ಎಂದು ನಮೂದಾಗಿರುತ್ತವೆ; ಅಲ್ಲಿನ ಜಮೀನುಗಳಿಗೆ ಸರ್ವೆ ನಂಬರ್ ಹಾಗೂ ಹಕ್ಕುದಾರರು ಇದ್ದೇ ಇರುತ್ತಾರೆ. ನೀರಾವರಿ ಯೋಜನೆಗಾಗಿ ಸ್ವಾಧೀನಪಡಿಸಿಕೊಂಡ ಮನೆಗಳು ಮತ್ತು ಜಮೀನುಗಳು ಸರ್ಕಾರಕ್ಕೆ ಅಥವಾ ಸಂಬಂಧಪಟ್ಟ ನಿಗಮಕ್ಕೆ ಸೇರಿರುತ್ತವೆ. ಭೇಟಿ ನೀಡಬಯಸುವ ಸ್ಥಳ ಯಾರ ಸ್ವಾಧೀನದಲ್ಲಿದೆ ಎಂಬುದನ್ನು ಆ ಸರ್ವೆ ನಂಬರಿನ ಪಹಣಿ ಪಡೆದು ಪರಿಶೀಲಿಸಬಹುದಾಗಿದೆ. ನಾಡಕಚೇರಿಯಲ್ಲಿ ಪಹಣಿಯನ್ನು ಪಡೆಯಬಹುದು.

3. ಗುಂಪಿನಿಂದಲೇ ಉಂಟಾಗುವ ಅಪಾಯಗಳು

(ಅ) ಹೊಣೆ ಹಂಚಿಹೋಗುವುದು: ಒಬ್ಬರೇ ಹೋಗುವವರು ಹಗ್ಗ, ಟಾರ್ಚ್, ನೀರು ಮತ್ತು ಹಿಂದಿರುಗುವ ದಾರಿಯನ್ನು ತಾವೇ ನೋಡಿಕೊಳ್ಳುತ್ತಾರೆ. ಗುಂಪಿನಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿಕೊಂಡಿರುತ್ತಾರೆಂದು ಭಾವಿಸುವುದರಿಂದ ಯಾರೂ ಪರಿಶೀಲಿಸದೇ ಇರುವ ಸಂಭವ ಹೆಚ್ಚು.

(ಆ) ಬೇಡವೆನ್ನಲು ಸಂಕೋಚ: ಹಿಂಜರಿಯುವವರು ಇತರರು ಹಾಸ್ಯ ಮಾಡಬಹುದೆಂಬ ಕಾರಣದಿಂದ ಮೌನವಾಗಿ ಹಿಂಬಾಲಿಸುತ್ತಾರೆ. ವಾಸ್ತವವಾಗಿ ಅಪಾಯವನ್ನು ಮೊದಲು ಗುರುತಿಸಿದವರು ಅವರೇ ಆಗಿರಬಹುದು.

(ಇ) ಭಾರ: ಹಳೆಯ ಬಂಗಲೆಗಳ ಮಾಳಿಗೆಗಳು ಸಾಮಾನ್ಯವಾಗಿ ಮರದ ತೊಲೆಗಳ ಮೇಲೆ ಇಟ್ಟಿಗೆ ಮತ್ತು ಗಾರೆಯಿಂದ ನಿರ್ಮಿತವಾಗಿವೆ. ಗೋಡೆಯೊಳಗೆ ಹುದುಗಿರುವ ತೊಲೆಯ ತುದಿಯು ತೇವದಿಂದ ಮೊದಲು ಕೊಳೆಯುತ್ತದೆ. ಇದು ಕೆಳಗಿನಿಂದ ನೋಡಿದಾಗ ಕಾಣುವುದಿಲ್ಲ. ಒಬ್ಬರ ಭಾರ ತಡೆದ ಮಾಳಿಗೆಯ ಮೂಲೆಯಲ್ಲಿ ಹತ್ತು ಜನ ಛಾಯಾಚಿತ್ರಕ್ಕಾಗಿ ಒಟ್ಟಾಗಿ ನಿಂತಲ್ಲಿ, ಸರಾಸರಿ 60 ಕೆ.ಜಿ.ಯಂತೆ 600 ಕೆ.ಜಿ. ಭಾರ ಒಂದೇ ಕಡೆ ಬೀಳುತ್ತದೆ.

(ಈ) ಗದ್ದಲ: ಕೋಟೆಗಳ ಬುರುಜು, ಎತ್ತರದ ಕಮಾನು ಮತ್ತು ಬಂಡೆಗಳಲ್ಲಿ ಹೆಜ್ಜೇನು ಗೂಡುಗಳು ಇರುತ್ತವೆ. ಕಲ್ಲು ಎಸೆಯುವುದು, ಬೆಂಕಿ ಹಾಗೂ ಹೊಗೆಯಿಂದ ಹುಳುಗಳು ಕೆರಳುತ್ತವೆ. ಒಂದು ಹುಳು ಕಚ್ಚಿದಾಗ ಹೊರಬೀಳುವ ವಾಸನೆಯು ಉಳಿದವುಗಳನ್ನು ಅಲ್ಲಿಗೇ ಸೆಳೆಯುತ್ತದೆ. ಕಿರಿದಾದ ಮೆಟ್ಟಿಲುಗಳ ಮೇಲೆ ಗುಂಪು ಒಮ್ಮೆಲೇ ಓಡಲಾರಂಭಿಸಿದರೆ ಕಾಲ್ತುಳಿತ ಮತ್ತು ಬೀಳುವಿಕೆಯಿಂದಲೂ ಗಾಯಗಳಾಗುತ್ತವೆ.

(ಉ) ಎಣಿಕೆ ತಪ್ಪುವುದು: ಗುಂಪು ಎರಡು ಅಥವಾ ಮೂರು ತಂಡಗಳಾಗಿ ಚದುರಿದಾಗ, ಕಾಣದವರು ಇನ್ನೊಂದು ತಂಡದಲ್ಲಿದ್ದಾರೆ ಎಂದು ಎರಡೂ ಕಡೆಯವರು ತಿಳಿಯುತ್ತಾರೆ. ಒಬ್ಬರು ಇಲ್ಲವೆಂಬುದು ಕತ್ತಲಾದ ನಂತರ, ವಾಹನ ಹೊರಡುವ ಸಮಯದಲ್ಲಿ ಗೊತ್ತಾಗುತ್ತದೆ.

(ಊ) ರಕ್ಷಿಸಲು ಹೋಗಿ ಪ್ರಾಣ ಕಳೆದುಕೊಳ್ಳುವುದು: ಮೇಲಿನ ಎಲ್ಲಕ್ಕಿಂತ ಇದು ಗಂಭೀರವಾದುದು. ಬಾವಿ ಅಥವಾ ಸುರಂಗದೊಳಗೆ ಒಬ್ಬರು ಪ್ರಜ್ಞೆ ತಪ್ಪಿ ಬಿದ್ದಾಗ ಎರಡನೆಯವರು ಎತ್ತಲು ಇಳಿಯುತ್ತಾರೆ, ಅವರೂ ಬೀಳುತ್ತಾರೆ. ಮೂರನೆಯವರು ಇಬ್ಬರನ್ನೂ ಉಳಿಸಲು ಇಳಿಯುತ್ತಾರೆ. ಬಾವಿಯೊಳಗಿನ ಗಾಳಿ ಬದಲಾಗಿರುವುದಿಲ್ಲವಾದ್ದರಿಂದ ಮೊದಲನೆಯವರಿಗೆ ಆದುದೇ ಉಳಿದವರಿಗೂ ಆಗುತ್ತದೆ.

4. ಕೆಟ್ಟ ಗಾಳಿಯ ಕುರಿತು

ಸಾಧಾರಣ ಗಾಳಿಯಲ್ಲಿ ಸುಮಾರು ಶೇ. 20.9ರಷ್ಟು ಆಮ್ಲಜನಕ ಇರುತ್ತದೆ. ಇದು ಶೇ. 19.5ಕ್ಕಿಂತ ಕಡಿಮೆಯಾದ ಸ್ಥಳವನ್ನು ಕೆಲಸಕ್ಕೆ ಅಸುರಕ್ಷಿತವೆಂದು ಪರಿಗಣಿಸಲಾಗುತ್ತದೆ. ಶೇ. 10ಕ್ಕಿಂತ ಕೆಳಗಿಳಿದಲ್ಲಿ ಮನುಷ್ಯರು ಕೆಲವೇ ನಿಮಿಷಗಳಲ್ಲಿ, ಕೆಲವೊಮ್ಮೆ ಅದಕ್ಕೂ ಮುನ್ನ, ಪ್ರಜ್ಞೆ ಕಳೆದುಕೊಳ್ಳುತ್ತಾರೆ. ಉಸಿರುಕಟ್ಟುವ ಅನುಭವವೂ ಆಗದಿರಬಹುದು. ಕೊಳೆಯುವ ಮರ, ಎಲೆ ಹಾಗೂ ತುಕ್ಕು ಹಿಡಿಯುವ ಕಬ್ಬಿಣವು ಮುಚ್ಚಿದ ಜಾಗದ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ ನಿಲ್ಲುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲವು ಹೆಚ್ಚು ಪ್ರಮಾಣದಲ್ಲಿದ್ದಾಗ ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುತ್ತದೆ. ಆದುದರಿಂದ ವಾಸನೆ ನಿಂತಿತೆಂದರೆ ಅಪಾಯ ಕಳೆಯಿತೆಂದು ಅರ್ಥವಲ್ಲ.

ಉತ್ತರ ಕರ್ನಾಟಕದ ರೈತ ಕುಟುಂಬಗಳಿಗೆ ಈ ವಿಷಯ ಹೊಸದಲ್ಲ. ಧಾನ್ಯ ಶೇಖರಿಸುವ ಹಗೇವನ್ನು ತೆರೆದೊಡನೆ ಯಾರೂ ಇಳಿಯುವುದಿಲ್ಲ. ಬಾಯಿ ತೆರೆದಿಟ್ಟು, ಗಾಳಿಯಾಡಿದ ನಂತರವೇ ಇಳಿಯುವ ರೂಢಿಯಿದೆ. ದೀಪ ಇಳಿಬಿಟ್ಟು ನೋಡುವ ಪದ್ಧತಿಯೂ ಇದೆ. ಆದರೆ ದೀಪ ಉರಿಯುತ್ತಿರುವುದು ವಿಷಾನಿಲ ಇಲ್ಲವೆಂಬುದಕ್ಕೆ ಪ್ರಮಾಣವಲ್ಲ. ದಹ್ಯ ಅನಿಲವಿದ್ದಲ್ಲಿ ದೀಪವೇ ಸ್ಫೋಟಕ್ಕೆ ಕಾರಣವಾಗಬಹುದು.

5. ಉದಾಹರಣೆ: ಕೋಲಾರ ಚಿನ್ನದ ಗಣಿ ಪ್ರದೇಶ

ಕೋಲಾರ ಚಿನ್ನದ ಗಣಿಗಳಲ್ಲಿ ಆಧುನಿಕ ರೀತಿಯ ಗಣಿಗಾರಿಕೆಯು 1880ರ ದಶಕದಲ್ಲಿ ಜಾನ್ ಟೇಲರ್ ಸಂಸ್ಥೆಯ ಮೂಲಕ ಆರಂಭವಾಯಿತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಒದಗಿಸಲಾಯಿತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಸ್ವಾಧೀನಕ್ಕೆ ಬಂದವು. ನಂತರ ಕೇಂದ್ರ ಸರ್ಕಾರಕ್ಕೆ ಹಸ್ತಾಂತರಗೊಂಡು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸ್ಥಾಪನೆಯಾಯಿತು. ಚಾಂಪಿಯನ್ ರೀಫ್ ಗಣಿಯ ಆಳ 3 ಕಿ.ಮೀ.ಗೂ ಅಧಿಕ. 2001ರ ಫೆಬ್ರವರಿ 28ರಂದು ಗಣಿಗಾರಿಕೆಯನ್ನು ನಿಲ್ಲಿಸಲಾಯಿತು.

ಗಣಿ ನಡೆಯುತ್ತಿದ್ದ ಕಾಲದಲ್ಲಿ ಪಂಪುಗಳು ನೀರನ್ನು ಹೊರಹಾಕುತ್ತಿದ್ದವು, ಯಂತ್ರಗಳು ಒಳಗೆ ಗಾಳಿ ಪೂರೈಸುತ್ತಿದ್ದವು, ಮರದ ಆಧಾರಗಳನ್ನು ನಿಯತವಾಗಿ ಬದಲಿಸಲಾಗುತ್ತಿತ್ತು. ಇಷ್ಟೆಲ್ಲ ವ್ಯವಸ್ಥೆಯಿದ್ದಾಗಲೂ ರಾಕ್‌ಬರ್ಸ್ಟ್ ಎಂದು ಕರೆಯಲಾಗುತ್ತಿದ್ದ ಬಂಡೆ ಸಿಡಿತಗಳಿಂದ ಕಾರ್ಮಿಕರು ಪ್ರಾಣ ಕಳೆದುಕೊಂಡಿದ್ದಾರೆ. ಗಣಿ ಮುಚ್ಚಿದ ಬಳಿಕ ಪಂಪು ಮತ್ತು ಗಾಳಿಯ ವ್ಯವಸ್ಥೆ ನಿಂತು, ಆಳದ ಸುರಂಗಗಳಲ್ಲಿ ನೀರು ತುಂಬಿದೆ. ತಲೆಮಾರುಗಳಿಂದ ಗಣಿಯಲ್ಲಿ ದುಡಿದ ಕುಟುಂಬಗಳ ಹಿರಿಯರು ಮುಚ್ಚಿದ ಶಾಫ್ಟಿನ ಬಳಿ ಮಕ್ಕಳನ್ನು ಬಿಡದಿರುವುದು ಈ ಕಾರಣದಿಂದಲೇ.

2020ರ ಮೇ ತಿಂಗಳಲ್ಲಿ ಇಲ್ಲಿನ ಮುಚ್ಚಿದ ಗಣಿಯೊಂದಕ್ಕೆ ಅಕ್ರಮವಾಗಿ ಗುಂಪಾಗಿ ಇಳಿದವರ ಪೈಕಿ ಮೂವರು ಮೃತಪಟ್ಟರು. ಅವರು ಹೋದ ಉದ್ದೇಶ ಬೇರೆಯಾಗಿದ್ದರೂ, ಕುತೂಹಲದಿಂದ ಹೋದವರಿಗೂ ಒಳಗಿನ ಪರಿಸ್ಥಿತಿ ಅದೇ ಆಗಿರುತ್ತದೆ. ಗಣಿಯ ಹೆಸರಿನ ಚಲನಚಿತ್ರಗಳು 2018 ಮತ್ತು 2022ರಲ್ಲಿ ಬಿಡುಗಡೆಯಾದ ನಂತರ ಈ ಪ್ರದೇಶವು ದೇಶದಾದ್ಯಂತ ಪರಿಚಿತವಾಗಿದೆ. ಸೈನೈಡ್ ದಿಬ್ಬಗಳೆಂದು ಕರೆಯಲಾಗುವ ಮಣ್ಣಿನ ರಾಶಿಗಳು ಅದಿರು ಸಂಸ್ಕರಣೆಯ ತ್ಯಾಜ್ಯವಾಗಿವೆ. ಅವುಗಳ ನುಣುಪಾದ ಧೂಳನ್ನು ಉಸಿರಾಡುವುದು, ಮಳೆಯಲ್ಲಿ ಕೊರೆದ ಅಂಚುಗಳ ಮೇಲೆ ಗುಂಪಾಗಿ ನಿಲ್ಲುವುದು ಹಾಗೂ ಅಲ್ಲಿ ನಿಂತ ನೀರನ್ನು ಬಳಸುವುದು ಅಪಾಯಕಾರಿ.

6. ಇತರ ಸ್ಥಳಗಳು

ಕಲ್ಲುಕ್ವಾರಿಗಳು: ಕೆರೆಯಂತೆ ಕ್ವಾರಿ ಹೊಂಡವು ದಡದಿಂದ ಕ್ರಮೇಣ ಆಳವಾಗುವುದಿಲ್ಲ, ಮೊದಲ ಹೆಜ್ಜೆಯಲ್ಲೇ ಆಳ ಇರುತ್ತದೆ. ನೇರವಾದ ಕಲ್ಲಿನ ಗೋಡೆಯಿಂದಾಗಿ ಈಜು ಬಲ್ಲವರಿಗೂ ಹಿಡಿದು ಮೇಲೇರಲು ಆಧಾರ ಸಿಗುವುದಿಲ್ಲ. ಒಬ್ಬರು ಜಾರಿದಾಗ ಉಳಿದವರು ಹಿಂದೆಯೇ ಜಿಗಿಯುವುದರಿಂದ ಸಾವುಗಳ ಸಂಖ್ಯೆ ಹೆಚ್ಚುತ್ತದೆ.

ಜಲಾಶಯದ ಅವಶೇಷಗಳು: ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಹಳೆಯ ಚರ್ಚು ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಭಾಗಶಃ ಮುಳುಗಿ, ಬೇಸಿಗೆಯಲ್ಲಿ ಹೊರಗೆ ಕಾಣಿಸುತ್ತದೆ. ವರ್ಷವರ್ಷವೂ ನೆನೆದು ಒಣಗುವ ಗಾರೆಯ ಗೋಡೆಗಳು ಬಲಹೀನವಾಗುತ್ತವೆ. ಇಂತಹ ಕಟ್ಟಡಗಳ ಗೋಡೆಯನ್ನು ಏರುವುದು, ಕಮಾನಿನ ಕೆಳಗೆ ಗುಂಪು ಸೇರುವುದು ಸಲ್ಲದು. ಹಿನ್ನೀರಿನ ಕೆಸರು ಮೇಲೆ ಒಣಗಿ ಕಂಡರೂ ಒಳಗೆ ಮೆತ್ತಗಿರುತ್ತದೆ.

7. ಅನ್ವಯವಾಗುವ ಕಾನೂನುಗಳು

(1) ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 329: ಅಪರಾಧಿಕ ಅತಿಕ್ರಮ ಪ್ರವೇಶಕ್ಕೆ 3 ತಿಂಗಳವರೆಗೆ ಹಾಗೂ ಗೃಹ ಅತಿಕ್ರಮ ಪ್ರವೇಶಕ್ಕೆ 1 ವರ್ಷದವರೆಗೆ ಕಾರಾಗೃಹವಾಸ, ಅಥವಾ 5,000 ರೂ.ವರೆಗೆ ಜುಲ್ಮಾನೆ, ಅಥವಾ ಎರಡನ್ನೂ ವಿಧಿಸಬಹುದು.
(2) ಅದೇ ಸಂಹಿತೆಯ ಕಲಂ 106(1): ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದವರಿಗೆ 5 ವರ್ಷಗಳವರೆಗೆ ಕಾರಾಗೃಹವಾಸ ಮತ್ತು ಜುಲ್ಮಾನೆ ವಿಧಿಸಬಹುದು. ಪ್ರವಾಸದ ಆಯೋಜಕರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.
(3) ಪ್ರಾಚೀನ ಸ್ಮಾರಕಗಳ ಕೇಂದ್ರ ಅಧಿನಿಯಮ, 1958: ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದಲ್ಲಿ, ವಿರೂಪಗೊಳಿಸಿದಲ್ಲಿ 2 ವರ್ಷಗಳವರೆಗೆ ಕಾರಾಗೃಹವಾಸ ಅಥವಾ 1 ಲಕ್ಷ ರೂ.ವರೆಗೆ ಜುಲ್ಮಾನೆ ಅಥವಾ ಎರಡೂ. ಗೋಡೆಯ ಮೇಲೆ ಹೆಸರು ಕೆತ್ತುವುದೂ ವಿರೂಪಗೊಳಿಸುವಿಕೆಯಾಗುತ್ತದೆ.
(4) ರೈಲ್ವೆ ಅಧಿನಿಯಮ, 1989ರ ಕಲಂ 147: ರೈಲ್ವೆ ಜಾಗದಲ್ಲಿ ಅತಿಕ್ರಮ ಪ್ರವೇಶಕ್ಕೆ 6 ತಿಂಗಳವರೆಗೆ ಕಾರಾಗೃಹವಾಸ ಅಥವಾ 1,000 ರೂ.ವರೆಗೆ ಜುಲ್ಮಾನೆ ಅಥವಾ ಎರಡೂ.
(5) ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972: ಅಭಯಾರಣ್ಯದೊಳಗಿನ ಪಾಳು ಕಟ್ಟಡಗಳಿಗೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಪ್ರವೇಶವಿರುವುದಿಲ್ಲ.

8. ಅನುಮತಿ ಕೋರುವ ವಿಧಾನ

ಅರ್ಜಿಯನ್ನು ಸ್ಥಳವು ಯಾರ ಸ್ವಾಧೀನದಲ್ಲಿದೆಯೋ ಆ ಪ್ರಾಧಿಕಾರಕ್ಕೆ ಸಲ್ಲಿಸತಕ್ಕದ್ದು: ಸ್ಮಾರಕಗಳಾದಲ್ಲಿ ಸಂಬಂಧಪಟ್ಟ ಪುರಾತತ್ವ ಕಚೇರಿ, ಅರಣ್ಯವಾದಲ್ಲಿ ಅರಣ್ಯ ಇಲಾಖೆ, ಜಲಾಶಯವಾದಲ್ಲಿ ನೀರಾವರಿ ನಿಗಮ, ಗಣಿಯಾದಲ್ಲಿ ಗಣಿ ಸಂಸ್ಥೆ, ಖಾಸಗಿ ಸ್ವತ್ತಾದಲ್ಲಿ ಮಾಲೀಕರ ಲಿಖಿತ ಒಪ್ಪಿಗೆ. ಅರ್ಜಿಯಲ್ಲಿ ಈ ಕೆಳಕಂಡ ವಿವರಗಳಿದ್ದಲ್ಲಿ ಪರಿಶೀಲನೆ ಸುಲಭವಾಗುತ್ತದೆ.

• ಸ್ಥಳದ ಹೆಸರು, ಸರ್ವೆ ನಂಬರ್, ಗ್ರಾಮ, ಹೋಬಳಿ ಮತ್ತು ತಾಲ್ಲೂಕು
• ಭೇಟಿಯ ಉದ್ದೇಶ, ದಿನಾಂಕ, ಒಳಹೋಗುವ ಹಾಗೂ ಹೊರಬರುವ ವೇಳೆ
• ಸದಸ್ಯರ ಪಟ್ಟಿ, ವಯಸ್ಸು, ದೂರವಾಣಿ ಸಂಖ್ಯೆ, ರಕ್ತದ ಗುಂಪು ಹಾಗೂ ಮನೆಯವರ ಸಂಪರ್ಕ ವಿವರ
• 18 ವರ್ಷದೊಳಗಿನವರಿದ್ದಲ್ಲಿ ಪೋಷಕರ ಒಪ್ಪಿಗೆ ಪತ್ರ
• ಗುಂಪಿನ ಹೊಣೆ ಹೊರುವ ಒಬ್ಬ ವ್ಯಕ್ತಿಯ ಹೆಸರು ಮತ್ತು ಸಹಿ

ಅರ್ಜಿಯ ಸ್ವೀಕೃತಿಯು ಅನುಮತಿಯಾಗುವುದಿಲ್ಲ. ಲಿಖಿತ ಅನುಮತಿ ಕೈಸೇರಿದ ನಂತರವೇ ಪ್ರವಾಸವನ್ನು ನಿಗದಿಪಡಿಸುವುದು ಸೂಕ್ತ.

9. ಗುಂಪಿನ ನಾಯಕರು ಪಾಲಿಸಬೇಕಾದ ಕ್ರಮಗಳು

(1) ಗುಂಪು ಚಿಕ್ಕದಿರಲಿ; ಒಳಹೋಗುವ ಮುನ್ನ, ಪ್ರತಿ ನಿಲುಗಡೆಯಲ್ಲಿ ಹಾಗೂ ಹೊರಬಂದ ಕೂಡಲೇ ಹೆಸರು ಕರೆದು ಎಣಿಸತಕ್ಕದ್ದು.
(2) ಯಾರೇ ಒಬ್ಬರು ಬೇಡವೆಂದರೂ ಗುಂಪು ಮುಂದುವರಿಯಬಾರದೆಂಬ ನಿಯಮವನ್ನು ಹೊರಡುವ ಮುನ್ನವೇ ಮಾಡಿಕೊಳ್ಳುವುದು.
(3) ಕನಿಷ್ಠ ಇಬ್ಬರು ಸದಸ್ಯರು ಹೊರಗೆ, ಮೊಬೈಲ್ ಸಂಪರ್ಕ ಸಿಗುವ ಜಾಗದಲ್ಲಿ ಇರುವುದು.
(4) ಊರಿನ ಹಿರಿಯರನ್ನು ವಿಚಾರಿಸುವುದು. ಮುಚ್ಚಿಹೋದ ಬಾವಿ ಎಲ್ಲಿದೆ, ಯಾವ ಗೋಡೆ ಕುಸಿದಿದೆ ಎಂಬುದು ನಕ್ಷೆಯಲ್ಲಿ ಇರುವುದಿಲ್ಲ, ಅವರಿಗೆ ತಿಳಿದಿರುತ್ತದೆ.
(5) ಬಾವಿ, ಶಾಫ್ಟ್, ಸುರಂಗ ಮತ್ತು ನೆಲಮಾಳಿಗೆಗಳಿಗೆ ಯಾವ ಕಾರಣಕ್ಕೂ ಇಳಿಯಬಾರದು.
(6) ಸೂರ್ಯಾಸ್ತಕ್ಕೆ ಮುನ್ನ ಹಿಂದಿರುಗುವುದು. ಮದ್ಯಪಾನ ಮಾಡಿದವರನ್ನು ಜೊತೆಗೆ ಕರೆದೊಯ್ಯಬಾರದು.

10. ಅವಘಡ ಸಂಭವಿಸಿದಾಗ

ಒಳಗೆ ಬಿದ್ದವರು ಕೂಗಿಗೆ ಉತ್ತರ ಕೊಡದಿದ್ದಲ್ಲಿ ಎರಡನೆಯ ವ್ಯಕ್ತಿ ಇಳಿಯಬಾರದು. ಬಿದ್ದವರು ಸ್ವಂತ ಅಣ್ಣ ಅಥವಾ ತಮ್ಮನೇ ಆಗಿದ್ದರೂ ಇದು ಅನ್ವಯಿಸುತ್ತದೆ. ಇಳಿಯಲು ಮುಂದಾಗುವವರನ್ನು ಹಿಡಿದು ನಿಲ್ಲಿಸುವುದು ಉಳಿದವರ ಕರ್ತವ್ಯವಾಗಿದೆ. ತಕ್ಷಣ 112ಕ್ಕೆ ಕರೆ ಮಾಡಿ ಸ್ಥಳದ ಗುರುತು, ಬಿದ್ದವರ ಸಂಖ್ಯೆ ಮತ್ತು ಆಳವನ್ನು ತಿಳಿಸುವುದು. ಆಂಬುಲೆನ್ಸ್‌ಗಾಗಿ 108, ಅಗ್ನಿಶಾಮಕ ಸೇವೆಗಾಗಿ 101 ಸಂಖ್ಯೆಯನ್ನೂ ಸಂಪರ್ಕಿಸಬಹುದು. ಅನುಮತಿ ಪಡೆಯದೆ ಹೋಗಿದ್ದೇವೆಂಬ ಭಯದಿಂದ ಕರೆ ಮಾಡಲು ತಡ ಮಾಡಬಾರದು.

ನೀರಿಗೆ ಬಿದ್ದವರಿಗೆ ಹಗ್ಗ, ಬಿದಿರು ಕೋಲು, ಗಂಟು ಹಾಕಿದ ಪಂಚೆ ಅಥವಾ ಸೀರೆಯನ್ನು ದಡದಲ್ಲಿ ಮಲಗಿಕೊಂಡು ಚಾಚುವುದು; ಖಾಲಿ ಮುಚ್ಚಿದ ಕ್ಯಾನ್ ಇದ್ದಲ್ಲಿ ಎಸೆಯುವುದು. ಹಿಂದೆಯೇ ಜಿಗಿಯಬಾರದು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬೇಲಿ ಅಥವಾ ಸೂಚನಾ ಫಲಕ ಇಲ್ಲದಿದ್ದರೆ ಒಳಗೆ ಹೋಗಬಹುದೇ?
ಉತ್ತರ: ಇಲ್ಲ. ಫಲಕ ಕಳಚಿಹೋಗಿರಬಹುದು. ಅದು ಇಲ್ಲದಿರುವುದನ್ನು ಅನುಮತಿ ಎಂದು ತಿಳಿಯಬಾರದು.

ಪ್ರಶ್ನೆ: "ನಮ್ಮ ಜವಾಬ್ದಾರಿಯ ಮೇಲೆ ಬಂದಿದ್ದೇವೆ" ಎಂದು ಸದಸ್ಯರಿಂದ ಬರೆಸಿಕೊಂಡರೆ ಆಯೋಜಕರು ಹೊಣೆಯಿಂದ ಮುಕ್ತರಾಗುವರೇ?
ಉತ್ತರ: ಅಂತಹ ಪತ್ರವು ನಿರ್ಲಕ್ಷ್ಯದ ಅಪರಾಧದಿಂದ ರಕ್ಷಣೆ ನೀಡುವುದಿಲ್ಲ.

ಪ್ರಶ್ನೆ: ಹಳೆಯ ನಾಣ್ಯ, ಶಾಸನ ಅಥವಾ ವಿಗ್ರಹ ದೊರೆತಲ್ಲಿ ಏನು ಮಾಡಬೇಕು?
ಉತ್ತರ: ಮುಟ್ಟದೆ, ಸ್ಥಳದಿಂದ ಕದಲಿಸದೆ, ತಹಶೀಲ್ದಾರರ ಅಥವಾ ಜಿಲ್ಲಾಧಿಕಾರಿಗಳ ಗಮನಕ್ಕೆ ತರತಕ್ಕದ್ದು. ಮನೆಗೆ ಕೊಂಡೊಯ್ಯುವುದು ಅಪರಾಧವಾಗಬಹುದು.

ಪ್ರಶ್ನೆ: ಅನುಮತಿ ದೊರೆತ ಮೇಲೆ ಸ್ಥಳ ಸುರಕ್ಷಿತವೆಂದು ತಿಳಿಯಬಹುದೇ?
ಉತ್ತರ: ಅನುಮತಿಯು ಪ್ರವೇಶಕ್ಕೆ ಮಾತ್ರ ಸಂಬಂಧಿಸಿದೆ. ಒಂದು ಮಳೆಯಲ್ಲಿ ಗೋಡೆಯ ಸ್ಥಿತಿ ಬದಲಾಗಬಹುದು. ಭೇಟಿಯ ದಿನ ಸ್ಥಳವನ್ನು ಹೊರಗಿನಿಂದ ಪರಿಶೀಲಿಸಿ, ಸಂದೇಹವಿದ್ದಲ್ಲಿ ಹಿಂದಿರುಗತಕ್ಕದ್ದು.

ಸಾರ್ವಜನಿಕರು ಮೇಲ್ಕಂಡ ಅಂಶಗಳನ್ನು ಗಮನಿಸಿ, ಗುಂಪಿನ ಎಲ್ಲಾ ಸದಸ್ಯರಿಗೂ, ವಿಶೇಷವಾಗಿ 10ನೇ ಅಂಶವನ್ನು, ಹೊರಡುವ ಮುನ್ನ ಓದಿ ಹೇಳಬೇಕೆಂದು ಕೋರಲಾಗಿದೆ.