ಕರಿಗಡಬು: ಪದದ ಅರ್ಥ ಮತ್ತು ಮೂಲ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಹಬ್ಬದಡುಗೆಯಲ್ಲಿ ಹೋಳಿಗೆಯ ಜೊತೆಗಾರ ಕರಿಗಡಬು. ಕಡಲೆಬೇಳೆ, ಬೆಲ್ಲದ ಹೂರಣ ತುಂಬಿ ಎಣ್ಣೆಯಲ್ಲಿ ಕರಿದ ಅರ್ಧಚಂದ್ರಾಕಾರದ ಸಿಹಿ ತಿನಿಸು.

ಹೆಸರಿನಲ್ಲಿರುವ ‘ಕರಿ’ಯನ್ನು ಕೆಲವರು ಕಪ್ಪು ಬಣ್ಣವೆಂದು ತಿಳಿಯುತ್ತಾರೆ. ಅದು ತಪ್ಪು, ಕಡಬು ಕಪ್ಪಾದರೆ ಕೆಟ್ಟಿತೆಂದೇ ಲೆಕ್ಕ! ಇದು ‘ಎಣ್ಣೆಯಲ್ಲಿ ಬೇಯಿಸು’ ಎಂಬರ್ಥದ ಕ್ರಿಯಾಪದ. ಮಳೆ, ಕಾಲ ಸೇರಿ ‘ಮಳೆಗಾಲ’ವಾದಂತೆ ಇಲ್ಲಿಯೂ ಕಕಾರಕ್ಕೆ ಗಕಾರ ಆದೇಶವಾಗಿದೆ. ಕಡಬು ಎಂದ ಮಾತ್ರಕ್ಕೆ ಎಣ್ಣೆಯೂ ಇಲ್ಲ, ಸಿಹಿಯೂ ಇಲ್ಲ: ಇದೇ ಸೀಮೆಯ ಜೋಳದ ಕಡಬು ಕುದಿಯುವುದು ನೀರಿನಲ್ಲಿ. ಆದ್ದರಿಂದಲೇ ಎಣ್ಣೆಗೆ ಬಿಟ್ಟದ್ದಕ್ಕೆ ‘ಕರಿ’ ಎಂಬ ಗುರುತು.

ಜೈನ ಕವಿ ಮೂರನೆಯ ಮಂಗರಸ 1508ರ ಸುಮಾರಿಗೆ ರಚಿಸಿದ ‘ಸೂಪಶಾಸ್ತ್ರ’ದಲ್ಲಿ ಹಿಟ್ಟಿನ ತಿನಿಸುಗಳಿಗೇ ಒಂದು ಅಧ್ಯಾಯವಿದೆ. ಹೂರಣದಲ್ಲಿ ಕಂದಮೂಲವಿಲ್ಲದ್ದರಿಂದ ಕರಿಗಡಬಿಗೂ ನಮ್ಮ ಅಡುಗೆಮನೆಯಲ್ಲಿ ಯಾವ ಮಾರ್ಪಾಟೂ ಬೇಕಿಲ್ಲ.