‘ಆತ್ಮರತಿ’ಯೆಂಬ ಹೆಸರೂ ಇತಿಹಾಸಕಾರನ ಎಚ್ಚರವೂ

ಅಧಿಕಾರಮದದಿಂದ ಮೆರೆದ ಅರಸನೊಬ್ಬನನ್ನು ಕುರಿತು ಬರೆಯುವಾಗ, ‘ಈತನು ಆತ್ಮರತಿಯ ರೋಗಿ’ ಎಂದು ತೀರ್ಪು ಕೊಡುವ ವಾಡಿಕೆ ನಮ್ಮ ವಿದ್ಯಾರ್ಥಿಗಳಲ್ಲಿ ಕಂಡುಬರುತ್ತಿದೆ. ಈ ಹೆಸರು ಹೇಗೆ ಹುಟ್ಟಿತು, ಯಾವ ಆಧಾರದ ಮೇಲೆ ನಿಂತಿದೆ ಎಂಬುದನ್ನು ಅರಿತಲ್ಲದೆ ಆ ತೀರ್ಪಿನ ಬೆಲೆ ತಿಳಿಯದು.

ಕೊಳದ ನೀರಿನಲ್ಲಿ ಕಂಡ ತನ್ನ ಪ್ರತಿಬಿಂಬಕ್ಕೇ ಮನಸೋತು ಕರಗಿಹೋದ ನಾರ್ಸಿಸಸ್ ಎಂಬ ತರುಣನ ಗ್ರೀಕ್ ಕಥೆಯನ್ನು ರೋಮನ್ ಕವಿ ಓವಿಡನು ಹೇಳಿದ್ದಾನೆ. ಆ ಹೆಸರನ್ನು ಮನಶ್ಶಾಸ್ತ್ರಕ್ಕೆ ತಂದವರು 1898ರಲ್ಲಿ ಹ್ಯಾವ್‌ಲಾಕ್ ಎಲ್ಲಿಸ್, 1899ರಲ್ಲಿ ಪಾಲ್ ನೆಕೆ. 1914ರಲ್ಲಿ ಫ್ರಾಯ್ಡನು, ಇದು ಕೇವಲ ವಿಕೃತಿಯಲ್ಲ, ಮಾನವಸಹಜವಾದ ಬೆಳವಣಿಗೆಯಲ್ಲಿಯೂ ಇದಕ್ಕೆ ಸ್ಥಾನವುಂಟು ಎಂದು ವಾದಿಸಿದನು. 1968ರಲ್ಲಿ ಹೈನ್ಸ್ ಕೋಹಟನು ಇದನ್ನು ವ್ಯಕ್ತಿತ್ವದ ವಿಕಾರವೆಂದು ಹೆಸರಿಸಿದನು. 1980ರಲ್ಲಿ ಅಮೆರಿಕದ ಮನೋವೈದ್ಯ ಸಂಘವು ತನ್ನ ರೋಗನಿರ್ಣಯದ ಕೈಪಿಡಿಯಲ್ಲಿ ಇದಕ್ಕೆ ಸ್ಥಾನ ಕೊಟ್ಟಿತು.

ಆ ಕೈಪಿಡಿಯ 2013ರ ಆವೃತ್ತಿಯಲ್ಲಿ ಒಂಬತ್ತು ಲಕ್ಷಣಗಳಿವೆ; ಹಿರಿಮೆಯ ಭ್ರಮೆ, ಹೊಗಳಿಕೆಯ ಹಸಿವು, ಪರರ ನೋವನ್ನು ಅರಿಯದಿರುವಿಕೆ ಅವುಗಳಲ್ಲಿ ಮುಖ್ಯವಾದವು. ಇವುಗಳಲ್ಲಿ ಐದಾದರೂ ತಾರುಣ್ಯದಿಂದಲೇ ನೆಲೆಯೂರಿ, ಬಾಳಿನ ಹಲವು ಬಗೆಯ ಸಂದರ್ಭಗಳಲ್ಲಿ ತೋರಬೇಕು. ಆದಕಾರಣ ಜಂಬವೊಂದೇ ರೋಗವಲ್ಲ. ಹೊರಗೆ ಗರ್ವ ತೋರುವವನು ಒಳಗೆ ಅಲ್ಪ ಟೀಕೆಗೂ ನಲುಗುವವನಾಗಿರಬಹುದು; ಅದನ್ನು ಬಲ್ಲವನು ಎದುರಿಗೆ ಕುಳಿತು ವಿಚಾರಿಸಿದ ವೈದ್ಯನೇ ಹೊರತು ದೂರದ ಪ್ರೇಕ್ಷಕನಲ್ಲ.

ದೂರದಿಂದ ಮಾಡಿದ ನಿರ್ಣಯಕ್ಕೆ ಒಂದು ನಿದರ್ಶನವುಂಟು. 1964ರಲ್ಲಿ ಅಮೆರಿಕದ ‘ಫ್ಯಾಕ್ಟ್’ ಪತ್ರಿಕೆಯು, ಅಧ್ಯಕ್ಷಪದವಿಯ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರನ ಮನಸ್ಸು ಆ ಪದವಿಗೆ ತಕ್ಕುದೇ ಎಂದು ಮನೋವೈದ್ಯರನ್ನು ಕೇಳಿತು. ಉತ್ತರಿಸಿದ 2,417 ಮಂದಿಯಲ್ಲಿ 1,189 ಮಂದಿ ತಕ್ಕುದಲ್ಲವೆಂದರು. ಗೋಲ್ಡ್‌ವಾಟರನು ಮಾನನಷ್ಟದ ಮೊಕದ್ದಮೆ ಹೂಡಿ ಗೆದ್ದನು. ಪರೀಕ್ಷಿಸದೆ, ಒಪ್ಪಿಗೆ ಪಡೆಯದೆ ಯಾರ ಮನಸ್ಸನ್ನೂ ಕುರಿತು ವೈದ್ಯಾಭಿಪ್ರಾಯ ಹೇಳಬಾರದೆಂದು 1973ರಲ್ಲಿ ಮನೋವೈದ್ಯ ಸಂಘವು ನಿಯಮ ಮಾಡಿತು.

ಬದುಕಿದ್ದವನ ವಿಷಯದಲ್ಲಿ ವೈದ್ಯರಿಗೇ ಈ ಸಂಯಮ ಬೇಕಾಯಿತೆಂದರೆ, ಗತಿಸಿದವರ ವಿಷಯದಲ್ಲಿ ನಮಗೆಷ್ಟು ಬೇಕು! ನಮ್ಮ ಆಧಾರಗಳಾದರೋ ಬಹುಮಟ್ಟಿಗೆ ಪ್ರಶಸ್ತಿಗಳು. 634ರ ಐಹೊಳೆಯ ಶಾಸನದಲ್ಲಿ ಇಮ್ಮಡಿ ಪುಲಕೇಶಿಯ ಹಿರಿಮೆ ಉಕ್ಕಿ ಹರಿದಿದೆ. ಆದರೆ ಅದನ್ನು ರಚಿಸಿದವನು ರವಿಕೀರ್ತಿ. ಅಲ್ಲಿ ನಮಗೆ ಕಾಣುವುದು ಕವಿಯ ಕೌಶಲ, ಆಸ್ಥಾನದ ಸಂಪ್ರದಾಯ, ಅರಸನ ಅಂತರಂಗವಲ್ಲ.

ಅರಸನ ಕೃತ್ಯಗಳನ್ನೂ ಅವುಗಳಿಂದ ಪ್ರಜೆಗಳಿಗಾದ ಫಲವನ್ನೂ ಇತಿಹಾಸಕಾರನು ನಿರ್ದಾಕ್ಷಿಣ್ಯವಾಗಿ ತೂಗಲಿ. ರೋಗದ ಹೆಸರು ಕ್ರೌರ್ಯಕ್ಕೆ ವಿವರಣೆಯಾಗದು. ಎಷ್ಟೋ ವೇಳೆ ಅದು ವಿಚಾರಣೆಯನ್ನು ಅರ್ಧದಲ್ಲಿಯೇ ನಿಲ್ಲಿಸುವ ನೆಪವಾಗುತ್ತದೆ.