ಕನ್ನಡದ ಹಳೆಯ ಪಾಕಗ್ರಂಥಗಳು

ಅಡುಗೆಯ ವಿಧಾನವನ್ನು ಹೇಳುವ ಪ್ರಾಚೀನ ಕಾವ್ಯಗಳು, ಇಪ್ಪತ್ತನೆಯ ಶತಮಾನದಲ್ಲಿ ಅಚ್ಚಾದ ಪುಸ್ತಕಗಳು, ಮನೆಗಳಲ್ಲಿ ಕೈಯಿಂದ ಬರೆದಿಟ್ಟ ಅಡುಗೆ ಪುಸ್ತಕಗಳು ಪಾಕಗ್ರಂಥಗಳ ವರ್ಗಕ್ಕೆ ಸೇರುತ್ತವೆ. ಹಳೆಯ ಗ್ರಂಥಗಳು ಈ ವಿದ್ಯೆಯನ್ನು ‘ಸೂಪಶಾಸ್ತ್ರ’ ಎಂದು ಕರೆದಿವೆ. ಸೂಪವೆಂದರೆ ಬೇಯಿಸಿದ ಬೇಳೆಯ ಅಡುಗೆ. ಅದೇ ಪದ ಮುಂದೆ ಇಡೀ ಪಾಕವಿದ್ಯೆಯ ಹೆಸರಾಯಿತು. ಒಳ್ಳೆಯ ಊಟವನ್ನು ‘ನಳಪಾಕ’ ಎಂದು ಹೊಗಳುವ ರೂಢಿ ಕನ್ನಡಿಗರಲ್ಲಿ ಇಂದಿಗೂ ಇದೆ.

ಆರಂಭ

ಕ್ರಿ.ಶ. ಸುಮಾರು 920ರ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ಯ ಹೆಸರು ಬರುತ್ತದೆ. ಅದನ್ನು ಮಾಡುವ ಬಗೆ ಸಿಗುವುದು ಸುಮಾರು ನೂರು ವರ್ಷಗಳ ಮೇಲೆ, ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ (ಸು. 1025). ಬೇಸಾಯ, ಅಂತರ್ಜಲ ಶೋಧನೆ, ವಾಸ್ತು, ಸುಗಂಧದ್ರವ್ಯ, ವೈದ್ಯಗಳ ಜೊತೆಗೆ ಸೂಪಶಾಸ್ತ್ರಕ್ಕೂ ಅದು ಸ್ಥಾನ ಕೊಟ್ಟಿದೆ. ಅಲ್ಲಿನ ಇಡ್ಡಲಿಗೆಯ ಪಾಕದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ರುಬ್ಬಿ, ಮೊಸರಿನ ತಿಳಿಯಲ್ಲಿ ಕಲಸಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರಿಸುತ್ತಾರೆ. ಅಕ್ಕಿಯ ಮಾತೇ ಇಲ್ಲ. ಇಂದಿನ ಇಡ್ಲಿಯನ್ನು ತಿಂದು ಬೆಳೆದವರಿಗೆ ಈ ಪಾಕ ಅಚ್ಚರಿಯನ್ನೂ ಮುಗುಳ್ನಗೆಯನ್ನೂ ತರುತ್ತದೆ.

ಕಲ್ಯಾಣದಿಂದ (ಇಂದಿನ ಬಸವಕಲ್ಯಾಣ) ಆಳಿದ ಚಾಲುಕ್ಯ ದೊರೆ ಮುಮ್ಮಡಿ ಸೋಮೇಶ್ವರನ ‘ಮಾನಸೋಲ್ಲಾಸ’ (ಸು. 1130) ಸಂಸ್ಕೃತದ್ದಾದರೂ ಕನ್ನಡ ನಾಡಿನ ಅರಮನೆಯ ಅಡುಗೆಮನೆಯನ್ನು ತೋರಿಸುತ್ತದೆ. ಅದರ ‘ಅನ್ನಭೋಗ’ದ ಭಾಗದಲ್ಲಿ ದೋಸಕ, ಇಡ್ಡರಿಕಾ, ವಟಕಗಳ ಜೊತೆಗೆ ಮಾಂಸದ ಅಡುಗೆಗಳಿವೆ, ಗದ್ದೆಯ ಇಲಿಯನ್ನು ಬೇಯಿಸುವ ವಿಧಾನವೂ ಇದೆ. ಕೆಳದಿಯ ಬಸವಪ್ಪ ನಾಯಕ ಹದಿನೆಂಟನೆಯ ಶತಮಾನದ ಆರಂಭದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ ಎಂಬ ಸಂಸ್ಕೃತ ವಿಶ್ವಕೋಶದಲ್ಲೂ ಪಾಕವಿಚಾರ ಸೇರಿದೆ.

ಮಂಗರಸನ ಸೂಪಶಾಸ್ತ್ರ

ಅಡುಗೆಯೊಂದನ್ನೇ ವಸ್ತುವಾಗಿಸಿಕೊಂಡ ಕನ್ನಡ ಕೃತಿಗಳಲ್ಲಿ ಪ್ರಸಿದ್ಧವಾದುದು ಮುಮ್ಮಡಿ ಮಂಗರಸನ ‘ಸೂಪಶಾಸ್ತ್ರ’. ಹದಿನಾರನೆಯ ಶತಮಾನದ ಆದಿಯಲ್ಲಿ ಕಲ್ಲಹಳ್ಳಿಯ ಒಡೆಯನಾಗಿದ್ದ ಈ ಜೈನ ಕವಿ ಷಟ್ಪದಿಯಲ್ಲಿ ಪಾಕಗಳನ್ನು ಹೇಳಿದ್ದಾನೆ. ಹಿಟ್ಟಿನ ತಿಂಡಿಗಳು, ಪಾನಕ, ಪಾಯಸ, ಕಲಸನ್ನ, ಬದನೆ, ಹಲಸು, ಬಾಳೆ ಎಲ್ಲವೂ ಅಲ್ಲಿವೆ. ಮಾಂಸದ ಅಡುಗೆ ಇಲ್ಲ. ಮೇಲೂ ಕೆಳಗೂ ಕೆಂಡವಿಟ್ಟು ಬೇಯಿಸುವ ‘ಮುಚ್ಚಳ ರೊಟ್ಟಿ’ಯನ್ನು ಓದಿದಾಗ, ಒಲೆಯ ಮುಂದೆ ಕುಳಿತು ಉರಿಯನ್ನು ಕಾಯುತ್ತಿದ್ದ ಕೈಗಳು ಕಣ್ಣಿಗೆ ಕಟ್ಟುತ್ತವೆ.

ಈ ಕೃತಿಯಲ್ಲಿ ಇಲ್ಲದ ಪದಾರ್ಥಗಳೂ ಚರಿತ್ರೆಯನ್ನೇ ಹೇಳುತ್ತವೆ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಮತ್ತು ಅನಂತರ ಇಲ್ಲಿಗೆ ಬಂದವು. ಮಂಗರಸನ ಅಡುಗೆಯ ಖಾರವೆಲ್ಲ ಕರಿಮೆಣಸಿನದು.

ಅರಮನೆಯ, ಹಬ್ಬದ ಊಟಗಳು ಗ್ರಂಥಕ್ಕೇರಿದವು; ರಾಗಿಮುದ್ದೆ, ಉಪ್ಸಾರಿನ ಹದ ಕೈಯಿಂದ ಕೈಗೆ ದಾಟಿತು. ಕನಕದಾಸರ ‘ರಾಮಧಾನ್ಯಚರಿತ್ರೆ’ ರಾಗಿಗೆ ಕಾವ್ಯದಲ್ಲಿ ಗೌರವದ ಸ್ಥಾನ ಕೊಟ್ಟಿತಾದರೂ ಅದು ಪಾಕಗ್ರಂಥವಲ್ಲ.

ಅಚ್ಚಿನ ಕಾಲ

ಇಪ್ಪತ್ತನೆಯ ಶತಮಾನದಲ್ಲಿ ಬರೆಯುವ ಕೆಲಸ ಗೃಹಿಣಿಯರ ಕೈಗೆ ಬಂತು. ಕೆನರಾ ಮೂಲದ ಚಿತ್ರಾಪುರ ಸಾರಸ್ವತರ ಅಡುಗೆಗಳನ್ನು ಮುಂಬಯಿಯ ಸಾರಸ್ವತ ಮಹಿಳಾ ಸಮಾಜ ‘ರಸಚಂದ್ರಿಕಾ’ ಎಂಬ ಮರಾಠಿ ಪುಸ್ತಕವಾಗಿ 1943ರಲ್ಲಿ ಹೊರತಂದಿತು. ತಮಿಳಿನಲ್ಲಿ ಎಸ್. ಮೀನಾಕ್ಷಿ ಅಮ್ಮಾಳ್ ಅವರ ‘ಸಮೈತ್ತು ಪಾರ್’ 1951ರಲ್ಲಿ ಬಂತು. ಕನ್ನಡದಲ್ಲಿ ಪುಸ್ತಕಗಳ ಜೊತೆಗೆ ವಾರಪತ್ರಿಕೆಗಳ ಅಡುಗೆ ಅಂಕಣಗಳೂ ಓದುಗರನ್ನು ಗಳಿಸಿದವು. ಅವನ್ನು ಕತ್ತರಿಸಿ ಅಂಟಿಸಿಟ್ಟುಕೊಳ್ಳುವುದು ಮನೆಮನೆಯ ಅಭ್ಯಾಸವಾಯಿತು.

ಅಳತೆ ಮತ್ತು ಹದ

ಹಳೆಯ ಪುಸ್ತಕಗಳ ಸೊಗಸು ಅವುಗಳ ಅಳತೆಗಳಲ್ಲಿದೆ: ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು, ನೆಲ್ಲಿಕಾಯಿ ಗಾತ್ರದ ಬೆಣ್ಣೆ, ಒಂದು ಹಿಡಿ ಕಾಯಿತುರಿ, ಕಡಲೆಕಾಳಿನಷ್ಟು ಇಂಗು. ಬೆಲ್ಲದ ಪಾಕಕ್ಕೆ ಒಂದೆಳೆ, ಎರಡೆಳೆ, ಉಂಡೆಪಾಕ ಎಂಬ ಮೆಟ್ಟಿಲುಗಳಿವೆ. ನೀರಿನ ಬಟ್ಟಲಿಗೆ ಬಿಟ್ಟ ಹನಿ ಕರಗದೆ ಉಂಡೆಗಟ್ಟಿದರೆ ಉಂಡೆಪಾಕ ಬಂತೆಂದು ಲೆಕ್ಕ. ಥರ್ಮಾಮೀಟರು ಇಲ್ಲದ ಅಡುಗೆಮನೆಯಲ್ಲಿ ಕಣ್ಣು, ಬೆರಳುಗಳೇ ಉಪಕರಣ.

ಅಕ್ಕಿಬೇಳೆಗಳನ್ನು ತುಂಬಿ ಅಳೆಯುವ ಅಳತೆ ಸೇರು, ಅಚ್ಚೇರು, ಪಾವು, ಚಟಾಕುಗಳಲ್ಲಿತ್ತು. ಒಂದು ಸೇರಿಗೆ ಎರಡು ಅಚ್ಚೇರು ಅಥವಾ ನಾಲ್ಕು ಪಾವು. ಒಂದು ಪಾವಿಗೆ ನಾಲ್ಕು ಚಟಾಕು. ತೂಕದ ಸೇರಿನಲ್ಲಿ ಒಂದು ತೊಡಕಿತ್ತು. ಹಳೆ ಮೈಸೂರಿನ ಕಚ್ಚಾ ಸೇರು 24 ತೊಲ, ಅಂದರೆ ಸುಮಾರು 280 ಗ್ರಾಂ; 80 ತೊಲದ ಸೇರು ಸುಮಾರು 933 ಗ್ರಾಂ. ಯಾವ ಸೇರೆಂದು ತಿಳಿಯದೆ ಸಕ್ಕರೆ ಹಾಕಿದರೆ ಮೈಸೂರುಪಾಕು ಕೆಟ್ಟಂತೆಯೇ. ಮೆಟ್ರಿಕ್ ಪದ್ಧತಿ 1958ರಿಂದ 1962ರೊಳಗೆ ಹಂತಹಂತವಾಗಿ ಜಾರಿಗೆ ಬಂದಮೇಲೂ ಅಡುಗೆಮನೆಯ ಹಿತ್ತಾಳೆ ಪಾವು ಬಹುಕಾಲ ಉಳಿಯಿತು.

ವಿದ್ಯಾರಣ್ಯಪುರದ ಪರಿಸರ

ಮನೆಗಳ ಕೈಬರಹದ ಅಡುಗೆ ಪುಸ್ತಕಗಳು ಬೆಳೆಯುವ ಬಗೆಗೆ ಬೆಂಗಳೂರಿನ ವಿದ್ಯಾರಣ್ಯಪುರ ಒಂದು ಉದಾಹರಣೆ. ನಗರದ ಉತ್ತರ ಭಾಗಕ್ಕೆ ಎಚ್‌ಎಂಟಿ (1953), ಬಿಇಎಲ್ (1954) ಕಾರ್ಖಾನೆಗಳು ಹಲವು ಊರುಗಳ ಕುಟುಂಬಗಳನ್ನು ಕರೆತಂದವು. ವಿದ್ಯಾರಣ್ಯಪುರದ ಬಿಇಎಲ್ ಬಡಾವಣೆಯ ಹೆಸರೇ ಅದಕ್ಕೆ ಸಾಕ್ಷಿ. ಇಂಥ ಬಡಾವಣೆಯಲ್ಲಿ ಮಲೆನಾಡಿನ ತಂಬುಳಿ, ಬಯಲುಸೀಮೆಯ ಬಸ್ಸಾರು, ಉತ್ತರ ಕರ್ನಾಟಕದ ಎಣ್ಣೆಗಾಯಿ ನೆರೆಮನೆಯ ಅಡುಗೆಗಳಾಗುತ್ತವೆ. ಒಬ್ಬರ ಪುಸ್ತಕದಿಂದ ಇನ್ನೊಬ್ಬರ ಪುಸ್ತಕಕ್ಕೆ ನಕಲಾಗುತ್ತವೆ. ಹತ್ತಿರದ ಹೆಬ್ಬಾಳದಲ್ಲಿ 1964ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾನಿಲಯ ರಾಗಿ, ಅವರೆಗಳ ತಳಿಗಳನ್ನು ಕಾಪಾಡಿ ಬೆಳೆಸುತ್ತ ಬಂದಿದೆ. ಬೆಳೆಯ ತಳಿಯಂತೆ ಅಡುಗೆಯ ಪಾಕವೂ ಬಳಕೆ ತಪ್ಪಿದರೆ ಅಳಿಯುತ್ತದೆ.

ಎಣ್ಣೆಯ ಕಲೆ, ಅರಿಸಿನದ ಬೆರಳಚ್ಚು ಬಿದ್ದ ಕೈಬರಹದ ಪುಸ್ತಕಗಳೂ ‘ಲೋಕೋಪಕಾರ’ದ ಸಾಲಿಗೆ ಸೇರಬೇಕಾದ ದಾಖಲೆಗಳೇ. ಅವನ್ನು ನಕಲು ಮಾಡುವಾಗ ಪದಗಳನ್ನಷ್ಟೇ ಉಳಿಸಿದರೆ ಸಾಲದು. ಆ ಮನೆಯ ಪಾವಿಗೆ ನೀರು ತುಂಬಿ, ಅಳೆದು, ಎಷ್ಟು ಮಿಲಿಲೀಟರೆಂದು ಅಂಚಿನಲ್ಲಿ ಬರೆದಿಡಬೇಕು. ಆಗ ಮುಂದಿನವರು ಅದನ್ನು ಓದಿ ನಲಿಯುವುದಷ್ಟೇ ಅಲ್ಲ, ಒಲೆ ಹಚ್ಚಿ ಮಾಡಿ ಉಣ್ಣಲೂಬಹುದು.